577501ರ ಒಳಗೆ ಏನಿದೆ? ದೊಡ್ಡ ಸಂಖ್ಯೆಯೊಂದನ್ನು ಬಿಡಿಸಿ ನೋಡುವ ಬಗೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಹೈಸ್ಕೂಲು ಮಕ್ಕಳ ತಂದೆತಾಯಿ, ಸುಮ್ಮನೆ ಕುತೂಹಲಕ್ಕೆ ಕೇಳುವವರು ಎಲ್ಲರದ್ದೂ ಒಂದೇ ಪ್ರಶ್ನೆ: "ಆರಂಕಿಯ ಸಂಖ್ಯೆ ಕೊಟ್ಟು ಇದು ಅವಿಭಾಜ್ಯವೇ, ಇದಕ್ಕೆ ಎಷ್ಟು ಅಪವರ್ತನಗಳಿವೆ ಅಂತ ಕೇಳಿದರೆ ಎಲ್ಲಿಂದ ಶುರು ಮಾಡಬೇಕು?" ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿದೆ. ಹಾಗಾಗಿ ಪೂರ್ತಿ ದಾರಿಯನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಉದಾಹರಣೆಗೆ ದೂರ ಹೋಗುವುದು ಬೇಡ. ಚಿತ್ರದುರ್ಗದ ಪಿನ್ ಕೋಡ್ 577501 ತೆಗೆದುಕೊಳ್ಳೋಣ. ನಡುವೆ ದಾವಣಗೆರೆಯ 577001, 577002, 577003 ಕೂಡ ಬಂದು ಹೋಗುತ್ತವೆ. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮೊದಲಂಕಿ 5 ಎಂದರೆ ಆಂಧ್ರ, ತೆಲಂಗಾಣ, ಕರ್ನಾಟಕದ ವಲಯ. ಕೊನೆಯ ಮೂರಂಕಿ ಅಂಚೆ ಕಚೇರಿಯನ್ನು ತೋರಿಸುತ್ತವೆ. ನಾವು ಇಲ್ಲಿ ಹುಡುಕುವ ಗುಣಗಳಿಗೂ ಅಂಚೆ ಇಲಾಖೆಗೂ ಯಾವ ಸಂಬಂಧವೂ ಇಲ್ಲ. ಆರಂಕಿಯ, ಎಲ್ಲರಿಗೂ ಬಾಯಿಪಾಠವಾಗಿರುವ ಸಂಖ್ಯೆ ಎಂಬುದಷ್ಟೇ ಅದನ್ನು ಆರಿಸಿದ ಕಾರಣ. ನಿಮ್ಮ ಆಧಾರ್ ಸಂಖ್ಯೆಯನ್ನೋ ಎಟಿಎಂ ಕಾರ್ಡಿನ ಸಂಖ್ಯೆಯನ್ನೋ ಹೀಗೆ ಬಿಡಿಸಿ ನಾಲ್ಕು ಜನಕ್ಕೆ ಕಳಿಸುವ ಉತ್ಸಾಹ ಮಾತ್ರ ಬೇಡ.

ಏನೇನು ಬೇಕು

ಒಂದು ರೂಲ್ ಹಾಳೆ, ಪೆನ್ನು, ಸಾದಾ ಕ್ಯಾಲ್ಕುಲೇಟರ್, ಅರ್ಧ ಗಂಟೆ. 20ರವರೆಗೆ ಮಗ್ಗಿ ಬಂದರೆ ಕೆಲಸ ಬೇಗ ಮುಗಿಯುತ್ತದೆ.

ನಾಲ್ಕು ಪದಗಳು ಗೊತ್ತಿರಲಿ. ಒಂದು ಸಂಖ್ಯೆಯನ್ನು ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆ ಅದರ ಅಪವರ್ತನ. 1 ಮತ್ತು ತಾನು, ಈ ಎರಡೇ ಅಪವರ್ತನಗಳಿರುವುದು ಅವಿಭಾಜ್ಯ ಸಂಖ್ಯೆ: 2, 3, 5, 7, 11 ಹೀಗೆ. ಎರಡಕ್ಕಿಂತ ಹೆಚ್ಚು ಇದ್ದರೆ ಅದು ಸಂಯುಕ್ತ ಸಂಖ್ಯೆ. ಭಾಗಿಸಿದಾಗ ಉಳಿಯುವುದು ಶೇಷ. 1 ಅವಿಭಾಜ್ಯವೂ ಅಲ್ಲ, ಸಂಯುಕ್ತವೂ ಅಲ್ಲ. ಪರೀಕ್ಷೆಯಲ್ಲಿ ಇದೊಂದರಲ್ಲೇ ಅಂಕ ಕಳೆದುಕೊಳ್ಳುವವರು ಎಷ್ಟೋ ಜನ.

ಹಂತ 1: ಸಂಖ್ಯೆಯನ್ನು ಸರಿಯಾಗಿ ಬರೆದುಕೊಳ್ಳಿ

5,77,501. ಐದು ಲಕ್ಷ ಎಪ್ಪತ್ತೇಳು ಸಾವಿರದ ಐನೂರ ಒಂದು. ಬಾಯಿಬಿಟ್ಟು ಓದಿ. ಓದುವಾಗ ತಡವರಿಸಿದರೆ ಅಂಕಿ ಬಿಟ್ಟುಹೋಗಿದೆ ಎಂದೇ ಅರ್ಥ.

ಎಕ್ಸೆಲ್‌ನಲ್ಲಿ ಬರೆದುಕೊಳ್ಳುವವರಿಗೆ ಒಂದು ಎಚ್ಚರಿಕೆ. ಎಕ್ಸೆಲ್ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಸಂಖ್ಯೆ ಹಾಕಿದರೆ ಕೊನೆಯ ಅಂಕಿಯನ್ನು ಸದ್ದಿಲ್ಲದೆ ಸೊನ್ನೆ ಮಾಡುತ್ತದೆ. ಆಮೇಲೆ ನೀವು "ಇದು 10ರಿಂದ ಭಾಗವಾಗುತ್ತದೆ" ಎಂದು ಹಿಗ್ಗುತ್ತೀರಿ. ಆರಂಕಿಗೆ ಈ ಭಯವಿಲ್ಲ.

ಹಂತ 2: ಸಣ್ಣ ಅವಿಭಾಜ್ಯಗಳನ್ನು ಬಾಯಿಲೆಕ್ಕದಲ್ಲೇ ಮುಗಿಸಿ

2ಕ್ಕೆ ಮತ್ತು 5ಕ್ಕೆ ಕೊನೆಯ ಅಂಕಿ ನೋಡಿದರೆ ಸಾಕು. ಇಲ್ಲಿ 1 ಇದೆ, ಎರಡೂ ಆಗುವುದಿಲ್ಲ.

3ಕ್ಕೆ ಅಂಕಿಗಳನ್ನು ಕೂಡಿ: 5+7+7+5+0+1 = 25. ಇದು 3ರಿಂದ ಭಾಗವಾಗುವುದಿಲ್ಲ, ಹಾಗಾಗಿ 577501 ಕೂಡ ಆಗುವುದಿಲ್ಲ. ದಾವಣಗೆರೆಯ 577002ರ ಮೊತ್ತ 21. ಅದು ಆಗುತ್ತದೆ.

7, 11, 13 ಈ ಮೂರಕ್ಕೂ ಒಂದೇ ಏಟಿನ ಉಪಾಯವಿದೆ. ಶಾಲೆಯಲ್ಲಿ ಇದನ್ನು ಯಾಕೆ ಒತ್ತಿ ಹೇಳಿಕೊಡುವುದಿಲ್ಲವೋ ನನಗೆ ಇನ್ನೂ ಅರ್ಥವಾಗಿಲ್ಲ. 7 × 11 × 13 = 1001. ಆದ್ದರಿಂದ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯ ತುಂಡು ಮಾಡಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. 577 − 501 = 76. 76 ಏಳರ ಮಗ್ಗಿಯಲ್ಲಿಲ್ಲ, ಹನ್ನೊಂದರಲ್ಲಿಲ್ಲ, ಹದಿಮೂರರಲ್ಲೂ ಇಲ್ಲ. ಮೂರೂ ಹೋದವು.

ಇದನ್ನೇ 577003ಕ್ಕೆ ಮಾಡಿ: 577 − 003 = 574 = 7 × 82. ಸಿಕ್ಕಿತು! 577003 ಏಳರಿಂದ ಭಾಗವಾಗುತ್ತದೆ.

ಒಂದು ಎಡವಟ್ಟು ಇಲ್ಲಿ ಸಾಮಾನ್ಯ. ಭಾಗವಾಗುತ್ತದೋ ಇಲ್ಲವೋ ಎಂದಷ್ಟೇ ತಿಳಿಯಬೇಕಾದರೆ ಯಾವುದರಿಂದ ಯಾವುದನ್ನು ಕಳೆದರೂ ನಡೆಯುತ್ತದೆ. ಆದರೆ ಶೇಷ ಎಷ್ಟು ಎಂದು ಕೇಳಿದರೆ ಬಲಗಡೆಯ ತುಂಡಿನಿಂದಲೇ ಎಡದ್ದನ್ನು ಕಳೆಯಬೇಕು. 501 − 577 = −76, ಅದಕ್ಕೆ 77 ಸೇರಿಸಿದರೆ 1. ಅಂದರೆ 7ಕ್ಕೂ 11ಕ್ಕೂ ಶೇಷ 1. ತಿರುಗಿಸಿ 76 ಎಂದು ಹಿಡಿದವರಿಗೆ 7ಕ್ಕೆ ಶೇಷ 6 ಬರುತ್ತದೆ, ತಪ್ಪು.

ಈ ಶೇಷ 1 ಕಾಕತಾಳೀಯವಲ್ಲ. ಪಕ್ಕದ ಮನೆಯ 577500 ನೋಡಿ: 2 × 2 × 3 × 5 × 5 × 5 × 5 × 7 × 11. ಸಣ್ಣ ಅವಿಭಾಜ್ಯಗಳೆಲ್ಲ ಅಲ್ಲೇ ಸಂತೆ ನೆರೆದಿವೆ. ಅದಕ್ಕೆ ಒಂದು ಸೇರಿಸಿದ 577501ಕ್ಕೆ ಆ ಐದರಲ್ಲಿ ಒಂದೂ ಸಿಗುವ ಹಾಗಿಲ್ಲ.

ಹಂತ 3: ಎಲ್ಲಿಯವರೆಗೆ ಹೋಗಬೇಕು ಎಂದು ಗೆರೆ ಎಳೆಯಿರಿ

ಇದು ಇಡೀ ಕೆಲಸದ ಬೆನ್ನೆಲುಬು. ಸಂಖ್ಯೆಯ ವರ್ಗಮೂಲದವರೆಗೆ ಮಾತ್ರ ಹುಡುಕಿದರೆ ಸಾಕು. ಯಾಕೆಂದರೆ ಅಪವರ್ತನಗಳು ಜೋಡಿಯಾಗಿ ಬರುತ್ತವೆ. ಜೋಡಿಯಲ್ಲಿ ಎರಡೂ ವರ್ಗಮೂಲಕ್ಕಿಂತ ದೊಡ್ಡದಾಗಿದ್ದರೆ ಗುಣಲಬ್ಧ ಮೂಲ ಸಂಖ್ಯೆಯನ್ನು ಮೀರಿಬಿಡುತ್ತದೆ.

760 × 760 = 5,77,600. ನಮ್ಮ ಸಂಖ್ಯೆಗಿಂತ ಸ್ವಲ್ಪವೇ ಹೆಚ್ಚು. 759 × 759 = 5,76,081, ಕಡಿಮೆ. ಹಾಗಾದರೆ ಗೆರೆ 759. ಹಾಗೇ ಇನ್ನೊಂದು ಗುಣವೂ ಗೊತ್ತಾಯಿತು: 577501 ಪೂರ್ಣ ವರ್ಗವಲ್ಲ. ಕೊನೆಯಲ್ಲಿ 01 ಇದ್ದ ಮಾತ್ರಕ್ಕೆ ವರ್ಗವಾಗಬಹುದು ಎಂದು ಊಹಿಸುವವರಿದ್ದಾರೆ. ಕೊನೆಯಲ್ಲಿ 2, 3, 7, 8 ಇದ್ದರೆ ವರ್ಗವಲ್ಲ ಎಂದು ಖಚಿತವಾಗಿ ಹೇಳಬಹುದು. 1 ಇದ್ದರೆ ಏನೂ ಹೇಳುವಂತಿಲ್ಲ.

759ರವರೆಗೆ 134 ಅವಿಭಾಜ್ಯ ಸಂಖ್ಯೆಗಳಿವೆ. ಪಟ್ಟಿ ಇಲ್ಲದಿದ್ದರೆ ಎರಟೋಸ್ತನೀಸ್‌ನ ಜರಡಿ ಹಿಡಿಯಿರಿ. 2ರಿಂದ 759ರವರೆಗೆ ಬರೆದು 2, 3, 5, 7, 11, 13, 17, 19, 23ರ ಮಗ್ಗಿಯಲ್ಲಿ ಬರುವುದನ್ನು (ಆ ಒಂಬತ್ತನ್ನು ಬಿಟ್ಟು) ಹೊಡೆದುಹಾಕಿದರೆ ಉಳಿಯುವುದೆಲ್ಲ ಅವಿಭಾಜ್ಯವೇ. ಅಷ್ಟು ತಾಳ್ಮೆ ಇಲ್ಲದವರು 6ರ ಮಗ್ಗಿಗೆ ಒಂದು ಹೆಚ್ಚು, ಒಂದು ಕಡಿಮೆ ಇರುವ ಸಂಖ್ಯೆಗಳಿಂದ ಭಾಗಿಸುತ್ತಾ ಹೋಗಬಹುದು: 5, 7, 11, 13, 17, 19, 23, 25... 3ಕ್ಕಿಂತ ದೊಡ್ಡ ಅವಿಭಾಜ್ಯಗಳೆಲ್ಲ ಈ ಸಾಲಿನಲ್ಲೇ ಇರುತ್ತವೆ. ನಡುವೆ 25, 35, 49ರಂಥ ಬಾಡಿಗೆದಾರರೂ ನುಸುಳುತ್ತಾರೆ, ಆದ್ದರಿಂದ 134ರ ಬದಲು 254 ಸಲ ಭಾಗಿಸಬೇಕಾಗುತ್ತದೆ. ನಾನಾದರೆ ಜರಡಿಯನ್ನೇ ಹಿಡಿಯುತ್ತೇನೆ.

ಹಂತ 4: ಭಾಗಿಸಿ, ಶೇಷವನ್ನು ಬರೆದಿಡಿ

ಹಾಳೆಯಲ್ಲಿ ಮೂರು ಕಲಂ ಹಾಕಿ: ಭಾಜಕ, ಭಾಗಲಬ್ಧ, ಶೇಷ. ಕ್ಯಾಲ್ಕುಲೇಟರ್ 577501 ÷ 13ಕ್ಕೆ 44423.15... ಎಂದು ತೋರಿಸುತ್ತದೆ. ದಶಾಂಶದ ಮುಂದಿನದ್ದನ್ನು ಮರೆತು 44423 × 13 = 577499 ಎಂದು ಗುಣಿಸಿ. ಉಳಿದದ್ದು 2. ಇದೇ ಶೇಷ.

"ದಶಾಂಶ ಬಂತು, ಆಗಲ್ಲ ಅಂತ ಗೊತ್ತಾಯಿತಲ್ಲ, ಶೇಷ ಯಾಕೆ ಬರೀಬೇಕು?" ಎಂದು ಕೇಳುತ್ತೀರಿ. ಎರಡು ಕಾರಣ. ಒಂದು, ಸಂಖ್ಯೆ ದೊಡ್ಡದಾದಾಗ ಕ್ಯಾಲ್ಕುಲೇಟರ್ ಕೊನೆಯ ದಶಾಂಶಗಳನ್ನು ನುಂಗಿ ಪೂರ್ಣಾಂಕದ ಹಾಗೆ ತೋರಿಸುವುದುಂಟು. ಇನ್ನೊಂದು, ಎಲ್ಲಿಯವರೆಗೆ ಬಂದೆವು ಎಂಬುದಕ್ಕೆ ಕೈಯಲ್ಲಿ ದಾಖಲೆ ಇರುತ್ತದೆ. ನಿಮ್ಮ ಹಾಳೆಯನ್ನು ತಾಳೆ ನೋಡಲು ಕೆಲವು ಶೇಷಗಳು: 17ಕ್ಕೆ 11, 19ಕ್ಕೆ 15, 23ಕ್ಕೆ 17, 31ಕ್ಕೆ 2, 37ಕ್ಕೆ 5, 101ಕ್ಕೆ 84, 199ಕ್ಕೆ 3.

ಈಗ ನನ್ನದೇ ಒಂದು ತಪ್ಪು. ಹಿಂದೊಮ್ಮೆ ಮಕ್ಕಳ ಮುಂದೆ ಇದೇ ಸಂಖ್ಯೆಯನ್ನು ಬೋರ್ಡಿನ ಮೇಲೆ ಬಿಡಿಸುತ್ತಾ 199ರವರೆಗೆ ಬಂದು, ಸಾಕಾಗಿ, "ಇನ್ನೇನು, ಅವಿಭಾಜ್ಯವೇ" ಎಂದು ಬರೆದುಬಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಿಲ್ಲಿಸದೆ ಭಾಗಿಸುತ್ತಲೇ ಹೋಗಿದ್ದಳು. ಹತ್ತು ನಿಮಿಷದ ಮೇಲೆ ಎದ್ದು ನಿಂತು "ಸಾರ್, 271" ಎಂದಳು.

ಭಾಗಿಸಿ ನೋಡಿ. 577ರಲ್ಲಿ 271 ಎರಡು ಸಲ, 542, ಉಳಿದದ್ದು 35. ಮುಂದಿನ 5 ಇಳಿಸಿದರೆ 355. ಅದರಲ್ಲಿ ಒಂದು ಸಲ, ಉಳಿದದ್ದು 84. 0 ಇಳಿಸಿದರೆ 840. ಮೂರು ಸಲ, 813, ಉಳಿದದ್ದು 27. ಕೊನೆಯ 1 ಇಳಿಸಿದರೆ 271. ಭಾಜಕವೇ ಬಂದು ಎದುರಿಗೆ ನಿಂತ ಹಾಗೆ! ಒಂದು ಸಲ, ಶೇಷ ಸೊನ್ನೆ.

577501 = 271 × 2131.

271 ಎಂಬುದು 58ನೇ ಅವಿಭಾಜ್ಯ ಸಂಖ್ಯೆ. ಅದಕ್ಕಿಂತ ಮುಂಚಿನ 57 ಬಾಗಿಲುಗಳೂ ಮುಚ್ಚಿವೆ. ದುರ್ಗದ ಕೋಟೆಗೆ ಓಬವ್ವನ ಕಿಂಡಿ ಇದ್ದ ಹಾಗೆ ದುರ್ಗದ ಪಿನ್ನಿಗೂ ಒಂದೇ ಕಿಂಡಿ ಎಂದು ಅವತ್ತು ತರಗತಿಯಲ್ಲಿ ನಗೆಯೋ ನಗೆ. ನಗಿಸಿ ನನ್ನ ಮುಖ ಉಳಿಸಿಕೊಂಡೆ ಅನ್ನಿ. ದಾವಣಗೆರೆಯ 577001 ಇಷ್ಟು ಸತಾಯಿಸುವುದಿಲ್ಲ. 23ಕ್ಕೇ ಬಾಯಿ ಬಿಡುತ್ತದೆ: 23 × 25087.

ಹಂತ 5: ಸಿಕ್ಕ ತುಂಡುಗಳನ್ನೂ ಪರೀಕ್ಷಿಸಿ

ಒಂದು ಅಪವರ್ತನ ಸಿಕ್ಕ ಕೂಡಲೇ ಪೆನ್ನು ಕೆಳಗಿಡುವುದು ಎರಡನೆಯ ದೊಡ್ಡ ತಪ್ಪು. 577003 = 7 × 82429 ಎಂದು ಬರೆದು ಮುಗಿಸಿದರೆ ಅರ್ಧ ಕೆಲಸವಷ್ಟೇ ಆಯಿತು. 82429 ಕೂಡ ಒಡೆಯುತ್ತದೆ: 31 × 2659. ಪೂರ್ತಿ ಉತ್ತರ 7 × 31 × 2659.

ಪ್ರತಿ ತುಂಡಿಗೂ ಹೊಸ ಗೆರೆ ಎಳೆಯಿರಿ. 2131ರ ವರ್ಗಮೂಲ 46 ಚಿಲ್ಲರೆ. ಹಾಗಾದರೆ 43ರವರೆಗೆ ನೋಡಬೇಕು. ನಿಜ ಹೇಳಬೇಕೆಂದರೆ ನೋಡುವ ಅಗತ್ಯವೇ ಇಲ್ಲ. 2131ನ್ನು ಭಾಗಿಸುವ ಸಂಖ್ಯೆ 577501ನ್ನೂ ಭಾಗಿಸಲೇಬೇಕು, ಮತ್ತು 43ರವರೆಗಿನದ್ದನ್ನೆಲ್ಲ ನಾವು ಆಗಲೇ ತಳ್ಳಿಹಾಕಿದ್ದೇವೆ. ಶೇಷ ಬರೆದಿಟ್ಟ ಹಾಳೆ ಇಲ್ಲಿ ಕೆಲಸಕ್ಕೆ ಬಂತು. 2131 ಅವಿಭಾಜ್ಯ.

ನೀವು ಯಾವ ದಾರಿಯಲ್ಲಿ ಬಿಡಿಸಿದರೂ ಕೊನೆಗೆ ಸಿಗುವ ಅವಿಭಾಜ್ಯಗಳು ಇವೇ. ಹತ್ತನೇ ತರಗತಿಯ "ಅಂಕಗಣಿತದ ಮೂಲಭೂತ ಪ್ರಮೇಯ" ಹೇಳುವುದು ಇದನ್ನೇ. ನಿಮ್ಮ ಉತ್ತರ ಗೆಳೆಯನ ಉತ್ತರಕ್ಕಿಂತ ಬೇರೆಯಾಗಿದ್ದರೆ ಇಬ್ಬರಲ್ಲಿ ಒಬ್ಬರಾದರೂ ತಪ್ಪಿದ್ದೀರಿ.

ಹಂತ 6: ಅಪವರ್ತನಗಳನ್ನು ಎಣಿಸಿ, ಕೂಡಿ

ಬಿಡಿಸುವುದು ಮುಗಿದರೆ ಉಳಿದ ಗುಣಗಳು ಸಾಲಾಗಿ ತಾವೇ ಬರುತ್ತವೆ. ಎಣಿಸುವ ಸೂತ್ರ ಇದು: ಪ್ರತಿ ಅವಿಭಾಜ್ಯದ ಘಾತಾಂಕಕ್ಕೆ (ಅದು ಎಷ್ಟು ಸಲ ಬಂದಿದೆ ಎಂಬ ಸಂಖ್ಯೆಗೆ) ಒಂದು ಸೇರಿಸಿ, ಬಂದದ್ದನ್ನೆಲ್ಲ ಗುಣಿಸಿ.

577501ರಲ್ಲಿ 271 ಒಂದು ಸಲ, 2131 ಒಂದು ಸಲ. 2 × 2 = 4 ಅಪವರ್ತನಗಳು: 1, 271, 2131, 577501.

577500ರಲ್ಲಿ 2 ಎರಡು ಸಲ, 3 ಒಂದು ಸಲ, 5 ನಾಲ್ಕು ಸಲ, 7 ಒಂದು, 11 ಒಂದು. 3 × 2 × 5 × 2 × 2 = 120.

ಅಕ್ಕಪಕ್ಕದ ಎರಡು ಸಂಖ್ಯೆಗಳು, ಒಂದಕ್ಕೆ 120, ಇನ್ನೊಂದಕ್ಕೆ 4. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲಗಳನ್ನು ಸಮಸಾಲಿನಲ್ಲಿ ಜೋಡಿಸುತ್ತಿದ್ದೀರಿ ಎಂದುಕೊಳ್ಳಿ. 577500 ಚೀಲಗಳಿದ್ದರೆ ಹತ್ತರ ಸಾಲು, ಹನ್ನೆರಡರ ಸಾಲು, ನೂರರ ಸಾಲು, ಹೇಗೆ ಬೇಕಾದರೂ ಹಾಕಬಹುದು. ಯಾರೋ ಒಂದು ಚೀಲ ಹೆಚ್ಚಿಗೆ ತಂದು ಇಟ್ಟರೆ ಕಥೆ ಮುಗಿಯಿತು. 271 ಸಾಲು, ಸಾಲಿಗೆ 2131, ಅಥವಾ ಅದನ್ನೇ ತಿರುಗಿಸಿ. ಅದೂ ಬೇಡವೆಂದರೆ ಒಂದೇ ಉದ್ದ ಸಾಲು.

ಮೊತ್ತಕ್ಕೂ ಇದೇ ಚಾಲಾಕಿ: (1 + 271) × (1 + 2131) = 272 × 2132 = 5,79,904. ತನ್ನನ್ನು ಬಿಟ್ಟರೆ 2403. ಅಂದರೆ ತನ್ನ ಸಣ್ಣ ಅಪವರ್ತನಗಳನ್ನೆಲ್ಲ ಕೂಡಿದರೂ 577501 ತನ್ನ ಹತ್ತಿರಕ್ಕೂ ಬರುವುದಿಲ್ಲ. ಇಂಥದ್ದನ್ನು ಕೊರತೆಯ ಸಂಖ್ಯೆ ಎನ್ನಬಹುದು. 577500ರ ಮೊತ್ತ ತನ್ನನ್ನು ಬಿಟ್ಟೇ 15,21,828. ಅದು ಅಧಿಕ ಸಂಖ್ಯೆ. ಸರಿಸಮ ಬಂದರೆ ಪರಿಪೂರ್ಣ ಸಂಖ್ಯೆ: 6, 28, 496, 8128. ಐದು, ಆರು, ಏಳು ಅಂಕಿಗಳಲ್ಲಿ ಒಂದೂ ಪರಿಪೂರ್ಣ ಸಂಖ್ಯೆ ಇಲ್ಲ, ಆದ್ದರಿಂದ ಯಾವ ಪಿನ್ ಕೋಡಿಗೂ ಆ ಭಾಗ್ಯವಿಲ್ಲ.

ಹಂತ 7: ವರ್ಗಗಳ ಆಟ

577501ನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? 4ರಿಂದ ಭಾಗಿಸಿದರೆ ಶೇಷ 1. "ಶೇಷ 1 ಬಂದರೆ ಆಗುತ್ತದೆ" ಎಂದು ಕಂಠಪಾಠ ಮಾಡಿದವರು ಇಲ್ಲಿ ಜಾರಿ ಬೀಳುತ್ತಾರೆ. ಫರ್ಮಾ ಹೇಳಿದ ಆ ನಿಯಮ ಅವಿಭಾಜ್ಯಗಳಿಗೆ. ಸಂಯುಕ್ತ ಸಂಖ್ಯೆಯಾದರೆ 4ಕ್ಕೆ ಶೇಷ 3 ಕೊಡುವ ಅವಿಭಾಜ್ಯಗಳು ಸಮಸಂಖ್ಯೆಯ ಸಲವೇ ಬಂದಿರಬೇಕು. 271 ಮತ್ತು 2131 ಎರಡೂ ಶೇಷ 3ರವು, ಬಂದಿರುವುದು ಒಂದೊಂದೇ ಸಲ. ಹಾಗಾಗಿ ಆಗುವುದಿಲ್ಲ.

ವ್ಯತ್ಯಾಸವಾಗಿ ಬರೆಯಲು ಅಡ್ಡಿಯಿಲ್ಲ. ಎರಡು ಅಪವರ್ತನಗಳ ಸರಾಸರಿ 1201, ಅವುಗಳ ಅಂತರದ ಅರ್ಧ 930. 1201 × 1201 − 930 × 930 = 14,42,401 − 8,64,900 = 5,77,501.

ಹಂತ 8: ಅಂಕಿಗಳ ಗುಣ ಬೇರೆ, ಸಂಖ್ಯೆಯ ಗುಣ ಬೇರೆ

ಅಂಕಿಗಳ ಮೊತ್ತ 25, ಮತ್ತೆ ಕೂಡಿದರೆ 7. ಇದನ್ನು ಹಿಡಿದು ಅದೃಷ್ಟ ಹೇಳುವವರ ಬೋರ್ಡುಗಳನ್ನು ನೀವೂ ನೋಡಿರುತ್ತೀರಿ. ಆ 7 ಎಂಬುದು 577501ನ್ನು 9ರಿಂದ ಭಾಗಿಸಿದಾಗ ಬರುವ ಶೇಷ, ಅಷ್ಟೇ. ನಾವು ಹತ್ತರ ಗುಂಪಿನಲ್ಲಿ ಎಣಿಸುವುದರಿಂದ ಅದು ಹಾಗೆ ಕಾಣುತ್ತದೆ. ಕಂಪ್ಯೂಟರ್ ಬಳಸುವ ದ್ವಿಮಾನ ಪದ್ಧತಿಯಲ್ಲಿ (ಬರೀ 0 ಮತ್ತು 1) ಇದೇ ಸಂಖ್ಯೆ 10001100111111011101. ಅಲ್ಲಿ ಅಂಕಿಗಳ ಮೊತ್ತ 13. ಆದರೆ 271 × 2131 ಎಂಬುದು ಯಾವ ಲಿಪಿಯಲ್ಲಿ ಬರೆದರೂ ಬದಲಾಗುವುದಿಲ್ಲ.

ಅಂಕಿಗಳ ಚೆಂದವನ್ನು ತಳ್ಳಿಹಾಕುತ್ತಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ, 9ನೇ ಶತಮಾನದ ಮಹಾವೀರಾಚಾರ್ಯ ಗುಣಿಸಿದಾಗ ಕೊರಳ ಹಾರದಂತೆ ಎರಡು ಕಡೆಯಿಂದಲೂ ಒಂದೇ ಸಮ ಓದಿಸಿಕೊಳ್ಳುವ ಸಂಖ್ಯೆಗಳ ಲೆಕ್ಕ ಕೊಟ್ಟವನು. 111111ನ್ನು ಅದರಿಂದಲೇ ಗುಣಿಸಿ ನೋಡಿ, 12345654321 ಬರುತ್ತದೆ.

ಹಂತ 9: ಹತ್ತಂಕಿ ದಾಟಿದರೆ ಕೈಲೆಕ್ಕ ಬಿಡಿ

ಹತ್ತಂಕಿಯ ಮೊಬೈಲ್ ಸಂಖ್ಯೆಗೆ ಗೆರೆ ಒಂದು ಲಕ್ಷದ ಹತ್ತಿರ ಬರುತ್ತದೆ. ಒಂದು ಲಕ್ಷದೊಳಗೆ 9,592 ಅವಿಭಾಜ್ಯಗಳಿವೆ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಫ್ಯಾಕ್ಟರ್ ಎಂಬ ಆಜ್ಞೆ ಬರೆದು ಮುಂದೆ ಸಂಖ್ಯೆ ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಸಿಗುತ್ತದೆ.

ಇನ್ನೂ ದೊಡ್ಡದಾದರೆ "ಅವಿಭಾಜ್ಯವೇ?" ಮತ್ತು "ಅಪವರ್ತನ ಯಾವುವು?" ಎಂಬ ಪ್ರಶ್ನೆಗಳು ಬೇರೆ ಬೇರೆಯಾಗುತ್ತವೆ. ಮೊದಲನೆಯದಕ್ಕೆ ಬೇಗ ಉತ್ತರ ಹೇಳಬಹುದು. ಖಚಿತವಾಗಿ, ನ್ಯಾಯವಾದ ಸಮಯದಲ್ಲಿ ಹೇಳುವ ದಾರಿಯನ್ನು 2002ರಲ್ಲಿ ತೋರಿಸಿದವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಎರಡನೆಯದು ಇಂದಿಗೂ ಕಷ್ಟ. ನಮ್ಮ 577501ರ ಹಾಗೆ ಎರಡೇ ಅವಿಭಾಜ್ಯಗಳ ಗುಣಲಬ್ಧ, ಆದರೆ ನೂರಾರು ಅಂಕಿಯದ್ದು, ಆರ್‌ಎಸ್‌ಎ ಎಂಬ ಗೂಢಲಿಪಿ ಪದ್ಧತಿಯ ಬೀಗ. ಗುಣಿಸುವುದು ಸುಲಭ, ಬಿಡಿಸುವುದು ಆಗದ ಮಾತು ಎಂಬ ನಂಬಿಕೆಯ ಮೇಲೆಯೇ ಅದು ನಿಂತಿದೆ.

ವೇಗದ ಪರೀಕ್ಷೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಅವಿಭಾಜ್ಯವಾದರೆ 2ನ್ನು ಆ ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ ಅದರಿಂದಲೇ ಭಾಗಿಸಿದಾಗ ಶೇಷ 1 ಬರುತ್ತದೆ (2ಕ್ಕಿಂತ ದೊಡ್ಡವಕ್ಕೆ). ತಿರುಗಿಸಿ ಹೇಳುವಂತಿಲ್ಲ: 341ಕ್ಕೂ ಶೇಷ 1 ಬರುತ್ತದೆ, ಆದರೆ 341 = 11 × 31.

ಮನೆಯಲ್ಲಿ ಮಾಡಿ ನೋಡಲು

577002 ತೆಗೆದುಕೊಳ್ಳಿ. 2 ಮತ್ತು 3 ತೆಗೆದರೆ ಉಳಿಯುವುದು 96167. ಗೆರೆ 310, ನೋಡಬೇಕಾದ ಅವಿಭಾಜ್ಯಗಳು 63. ಮಧ್ಯೆ 163ರ ಹತ್ತಿರ ಶೇಷ 160 ಬಂದು "ಮೂರೇ ಕಡಿಮೆ" ಎಂದು ಆಸೆ ಹುಟ್ಟಿಸುತ್ತದೆ, ನಿಲ್ಲಬೇಡಿ. ಕೊನೆಯದು 307. ಅದಕ್ಕೆ ಭಾಗಲಬ್ಧ 313, ಶೇಷ 76 ಬಂದು, ನಡುವೆ ಎಲ್ಲೂ ಸೊನ್ನೆ ಬಾರದಿದ್ದರೆ ನಿಮ್ಮ ಹಾಳೆ ಸರಿಯಾಗಿದೆ.